ಮೀಟರು ಓದುವವನ ಸಾಕ್ಷಿ

ಬಲಗೈ ಎತ್ತಿ ಎಂದರು, ಎತ್ತಿದೆ.
ಕೈಗವಸು ತೆಗೆಯಲು ಮರೆತಿದ್ದೆ; ಹಿಂದೆ ಯಾರೋ ನಕ್ಕರು.
ಹೆಸರು ರೇನೊ ಮಾಟಿಲಾ.
ಕಸುಬು, ಮನೆಮನೆಯ ನೀರಿನ ಮೀಟರು ಓದುವುದು.
ಈ ಸರೋವರದ ದಂಡೆಯಲ್ಲಿ ಇಪ್ಪತ್ತಾರು ಚಳಿಗಾಲ.

ನಗರಸಭೆಗೆ ನಿಲ್ಲುವವರಿಗೆ ಸನ್ನದು ಕೇಳುವುದು ಮೂರೇ:
ವಯಸ್ಸು ಹದಿನೆಂಟು ತುಂಬಿರಬೇಕು,
ಊರಿಗೆ ಕೊಡುವ ಬಾಕಿ ಇರಕೂಡದು,
ಅರ್ಜಿ ಹಾಕುವ ದಿನಕ್ಕೆ ವರ್ಷವೊಂದು
ಆ ವಾರ್ಡಿನಲ್ಲೇ ವಾಸವಿರಬೇಕು.
ಐಲಿ ಸಾವೊಲಾಗೆ ಐವತ್ತೆಂಟು. ಬಾಕಿ ಒಂದು ಕಾಸಿಲ್ಲ.
ಉಳಿದದ್ದು ವಾಸ ಎಂಬ ಎರಡಕ್ಷರ.
ಅದಕ್ಕೇ ಇಷ್ಟು ಜನ ಕೋಟು ಬಿಚ್ಚದೆ ಕೂತಿದ್ದಾರೆ,
ಏಪ್ರಿಲ್ ಮುಗಿಯುತ್ತ ಬಂದರೂ ಕಿಟಕಿಯಾಚೆ ಹಿಮ.

ವಕೀಲ ಪೆಂಗೆಲಿ
ನನ್ನದೇ ಪುಸ್ತಕ ನನ್ನ ಕೈಗೆ ಕೊಟ್ಟು ಓದು ಅಂದ.
ಟಮರಾಕ್ ಬೀದಿ, ನಲವತ್ತೊಂದನೇ ನಂಬರು.
ಜನವರಿ: ಸೊನ್ನೆ.
ಫೆಬ್ರವರಿ: ಸೊನ್ನೆ.
ಮಾರ್ಚಿ: ಸೊನ್ನೆ, ಪಕ್ಕದಲ್ಲೊಂದು ಕಾಫಿಯ ಕಲೆ.
ಕಲೆ ಓದಬೇಕಿಲ್ಲ ಅಂದ.
"ಹನಿ ನೀರು ಇಳಿಯದ ಮನೆಯಲ್ಲಿ
ಮನುಷ್ಯರು ವಾಸವಿರುತ್ತಾರೆಯೇ?
ಹೌದು ಅಥವಾ ಇಲ್ಲ. ಅಷ್ಟೇ ಹೇಳು."

ನಾನು ಅಂಕಿ ಓದುವವನು.
ಅಂಕಿಯ ಹಿಂದಿನದನ್ನು ಬರೆಯಲು
ನನ್ನ ಪುಸ್ತಕದಲ್ಲಿ ಮನೆಯೇ ಇಲ್ಲ.

ಡಿಸೆಂಬರಿನ ಕೊನೆಯ ವಾರ ಟಮರಾಕ್ ಬೀದಿಯ ಕೊಳವೆ
ನೆಲದೊಳಗೇ ಸೆಟೆದು ಸೀಳಿತು.
ತಾಮ್ರದ ಗಣಿ ನಡೆಯುತ್ತಿದ್ದಾಗ ಕಂಪನಿ ಹೂತ ಕೊಳವೆ ಅದು;
ತಾಮ್ರ ಹೋಯಿತು, ಕಂಪನಿ ಹೋಯಿತು, ತುಕ್ಕು ನಮ್ಮ ಪಾಲಿಗೆ.
ಹನ್ನೊಂದು ಮನೆಗೆ ನೀರಿಲ್ಲ.
ದುರಸ್ತಿಯ ಕಡತ ಇದೇ ಕೋಣೆಗೆ ಬಂತು,
ಇದೇ ಮೇಜಿನ ಮೇಲೆ ಸರದಿ ಕಾಯುತ್ತಿದೆ, ಇವತ್ತಿಗೂ.
ಅದನ್ನು ಎತ್ತಿಸಲೆಂದೇ ಐಲಿ ಅರ್ಜಿ ಹಾಕಿದ್ದು.
ಅದೇ ಈಗ ಅವಳ ವಿರುದ್ಧ ಸೊನ್ನೆ ಸೊನ್ನೆ ಎಂದು ಸಾಕ್ಷಿ ಹೇಳುತ್ತಿದೆ,
ನನ್ನ ಬಾಯಿಂದ.

ಹತ್ತು ಮನೆಯವರು ತಂಗಿಯ ಮನೆ, ಮಗಳ ಮನೆ ಎಂದು
ಕೀಲಿ ಪಕ್ಕದ ಬೀದಿಗೆ ಕೊಟ್ಟು ಹೊರಟರು.
ಇವಳು ಹೋಗಲಿಲ್ಲ.
ಹಿಮ ತೋಡಿ, ಹಂಡೆಗೆ ಒತ್ತಿ ತುಂಬಿ, ಒಲೆಯ ಮೇಲಿಟ್ಟಳು.
ಹಂಡೆ ತುಂಬ ಹಿಮ ಸುರಿದರೆ ತಳದಲ್ಲಿ ನಾಲ್ಕು ಬೆರಳು ನೀರು,
ಅದೂ ಗಾಳಿ ಹೇಗೆ ಬೀಸಿದೆ ನೋಡಿಕೊಂಡು.
ಶನಿವಾರ ಸಂಜೆ ಹಿತ್ತಲಾಚೆಯ ಹುಹ್ತಲಾ ಮುದುಕನ ಸೌನಾದಲ್ಲಿ ಮೀಯುತ್ತಿದ್ದಳು.
ಆ ಸೌನಾ ಎರಡನೇ ವಾರ್ಡಿನದು,
ಅದನ್ನೂ ಬರೆದುಕೊಂಡಿದ್ದಾನೆ ಪೆಂಗೆಲಿ.

ಅವಳ ಮೀಟರು ಇರುವುದು ನೆಲಮಾಳಿಗೆಯಲ್ಲಿ, ಸ್ವಾಮಿ.
ತಿಂಗಳಿಗೊಮ್ಮೆ ಬಾಗಿಲು ತಟ್ಟಿದೆ.
ತೆರೆದವರು ಯಾರು ಎಂದು
ಇಲ್ಲಿಯತನಕ ಒಬ್ಬರೂ ಕೇಳಿಲ್ಲ.

ಮಾರ್ಚಿಯಲ್ಲಿ ಬೆರಳು ಮಡಚದಷ್ಟು ಚಳಿ.
ಕೂರು ಅಂದಳು. ಕಾಫಿ ಬಗ್ಗಿಸಿದಳು.
ಅದರಲ್ಲೊಂದು ಪೈನ್ ಎಲೆ, ಸೂಜಿಯಂತೆ, ತೇಲುತ್ತಿತ್ತು.
ಸೊನ್ನೆ ಬರೆಯುವಾಗ ಕೈ ನಡುಗಿ ಲೋಟ ತುಳುಕಿತು.
ಇದೋ ಆ ಕಲೆ.
ಓದಬೇಕಾದದ್ದು ಇದನ್ನು.

ನನಗಿಲ್ಲಿ ಮತವಿಲ್ಲ. ನಾನಿರುವುದು ಗಡಿಕಲ್ಲಿನಾಚೆ,
ಬಾಡಿಗೆ ಅಗ್ಗ, ಸ್ವಂತ ಬಾವಿ.
ಈ ಊರಿನ ನೀರಿನ ಋಣ ಯಾರಿಗೆಷ್ಟು ಎಂದು
ಗ್ಯಾಲನ್ ಲೆಕ್ಕದಲ್ಲಿ ಹೇಳಬಲ್ಲೆ;
ನನಗೆಷ್ಟು ಎಂದರೆ ತಡವರಿಸುತ್ತೇನೆ.

ತೀರ್ಪು ಗುರುವಾರಕ್ಕೆ ಮುಂದೂಡಿದರು.
ಮೆಟ್ಟಿಲಲ್ಲಿ ಐಲಿ ಬೂಟಿನ ದಾರ ಬಿಗಿಯುತ್ತಿದ್ದಳು.
ಉಪಕಾರವಾಯಿತು ಅನ್ನಲಿಲ್ಲ.
"ಏಪ್ರಿಲಿನದು ಇನ್ನೂ ಓದಿಲ್ಲ ನೀನು" ಅಂದಳು,
"ಬಂದು ಹೋಗು."